ಸೋದರಮಾವನ ತೊಡೆ

ಮಾಲೇಕಲ್ಲಿನ ದೇವಸ್ಥಾನದಲ್ಲಿ ಕೂತು ಒಂದೇ ಕೈಯಲ್ಲಿ ಮೊಬೈಲ್ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕೈಮೇಲೆ, ಈಗಷ್ಟೇ ಮೊದಲ ಮುಡಿ ಕೊಟ್ಟ ಹನ್ನೊಂದು ತಿಂಗಳ ಮಗ ಮಲಗಿದ್ದಾನೆ.

ನಿನ್ನೆ ರಾತ್ರಿ ಅರಸೀಕೆರೆಯ ಲಾಡ್ಜಿನಲ್ಲಿ ಇವನು ಕಣ್ಣು ಮುಚ್ಚಲೇ ಇಲ್ಲ. ಮಲಗಿಸಿದರೆ ಅಳು, ಎತ್ತಿಕೊಂಡು ಕೂತರೂ ಅಳು. ಬೆಳಗಿನವರೆಗೂ ವರಾಂಡದಲ್ಲಿ ನಾನೊಬ್ಬಳೇ ಅಡ್ಡಾಡಿದೆ. ಅತ್ತೆ ಹೊದಿಕೆಯೊಳಗಿಂದಲೇ, "ದೃಷ್ಟಿ ಆಗೈತೆ ಕಣೇ" ಅಂದರು. ಗಂಡ "ಗ್ಯಾಸ್ ಇರ್ಬೇಕು" ಅಂದು ಗೋಡೆಯ ಕಡೆ ಮಗ್ಗುಲಾದ. ನನ್ನ ತಮ್ಮನಂತೂ ಪಕ್ಕದ ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದ.

ಕೊನೆಗೂ ಮಗು ನಿದ್ದೆಹೋಗಿದ್ದು ಇಲ್ಲಿ, ಮುಡಿ ತೆಗೆಯುವ ಮುದುಕ ಹೊಸ ಬ್ಲೇಡು ಸಿಕ್ಕಿಸುತ್ತಾ ಎದುರಿಗೆ ಕೂತಾಗ.

ಆತ ದನಿ ತಗ್ಗಿಸಿ, "ಎಬ್ಬಿಸ್ಬೇಡಿ ತಾಯಿ. ಮಲಗಿರೋ ಮಗೀಗೆ ಮುಡಿ ತೆಗಿಯೋದೇ ಸಲೀಸು. ನಿಮ್ಮ ತೊಡೆ ಮೇಲೇ ಇರ್ಲಿ" ಅಂದ. ನಿನ್ನೆಯಿಂದ ಈ ಮಗುವಿನ ನಿದ್ದೆಗಾಗಿ ದನಿ ತಗ್ಗಿಸಿದ ಮೊದಲ ಮನುಷ್ಯ ಅವನು.

ಅತ್ತೆ ಒಪ್ಪಲಿಲ್ಲ. "ಸೋದರಮಾವನ ತೊಡೆ ಮೇಲೇ ಕೂರಿಸ್ಬೇಕು, ಅದು ಶಾಸ್ತ್ರ. ಎಬ್ಬಿಸೇ" ಅಂತ ಮಗುವಿನ ಕಾಲು ಹಿಡಿದು ಎಳೆದರು. ನನ್ನ ತಮ್ಮ ಪಂಚೆ ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ಗಂಡ ಮೊಬೈಲ್ ಎತ್ತಿ, "ಹೌದು, ಕಣ್ಣು ಬಿಟ್ಟಿದ್ರೆ ಫೋಟೋ ಚೆನ್ನಾಗಿ ಬರುತ್ತೆ" ಅಂದ.

ನಾನು ಮಗುವಿನ ಕಾಲನ್ನು ಅತ್ತೆಯ ಕೈಯಿಂದ ಬಿಡಿಸಿಕೊಂಡು ಅಂದೆ:

"ಶಾಸ್ತ್ರ ಇವತ್ತು ರಾತ್ರಿಗೆ ಇಟ್ಕೊಳ್ಳಿ ಅತ್ತೆ. ಲೈಟ್ ಆರಿಸಿದ ಮೇಲೆ ಸೋದರಮಾವನ ತೊಡೆ ಮೇಲೆ ಕೂರಿಸಿ, ಬೆಳಗಾಗೋವರೆಗೂ ಅಲ್ಲೇ ಇರಲಿ. ನನ್ನ ತಮ್ಮನಿಗೆ ಸಾಕಾದ್ರೆ ನಿಮ್ಮ ಮಗನ ತೊಡೆಯೂ ಖಾಲಿ ಇದೆ."