ಆ ಮೂರನೇ ಪತ್ರ ನಂದು ರೀ

ನಕ್ಕರು. ಮೂವತ್ತು ಮಂದಿ ಒಟ್ಟಿಗೇ ನಕ್ಕರು. ನಗಿಸಿದವನು ನಾನೇ.

ನಡೆದದ್ದು ಕಳೆದ ಶನಿವಾರ, ಖಾನಾಪುರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ. ಬೋರ್ಡು ಹಳೆಯದು. ಒಳಗೀಗ ಎಂಟು ಕಂಪ್ಯೂಟರುಗಳಿವೆ. ಟೈಪ್‌ರೈಟರುಗಳು ಎರಡೇ, ಅವೂ ಹಿಂದಿನ ಗೋಡೆಗೆ ಒತ್ತಿಕೊಂಡು ಕೂತಿವೆ. ಮಾಲೀಕ ಪಾಟೀಲರು ಒಂದು ವಾರ ಮೊದಲೇ ಫೋನ್ ಮಾಡಿದ್ದರು. “ಇಂಟರ್ನೆಟ್‌ನ್ಯಾಗ ಪ್ರಶ್ನೆ ಹ್ಯಾಂಗ ಕೇಳಬೇಕು ಅಂತ ನಮ್ಮ ಹುಡುಗರಿಗೆ ಒಂದ್ ತಾಸು ಹೇಳ್ರಿ ಸರ್. ನಿಮ್ಮಷ್ಟು ಶಿಸ್ತಿಲೆ ಯಾರು ಹೇಳ್ತಾರ?”

ಶಿಸ್ತು ಅಂದರೆ ನಾನು ಕರಗುತ್ತೇನೆ. ಹೋದೆ.

ನಿಮಗೆ ಗೊತ್ತೇ ಇದೆ, ನಿವೃತ್ತಿಯ ನಂತರ ನಾನು ಬೆಳಗಾವಿಯ ಸದಾಶಿವನಗರದ ಮನೆಯಲ್ಲಿ ಕುಳಿತು ಒಂದು ಇ-ಮೇಲ್ ಬಳಗವನ್ನು ನೋಡಿಕೊಳ್ಳುತ್ತೇನೆ. ‘ಸಿ’ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಕಲಿಯುವವರು ಅಲ್ಲಿಗೆ ಪ್ರಶ್ನೆ ಕಳಿಸುತ್ತಾರೆ. ಬಲ್ಲವರು ಬಿಡುವು ಮಾಡಿಕೊಂಡು ಉತ್ತರಿಸುತ್ತಾರೆ. ಯಾವ ಪ್ರಶ್ನೆ ಬಳಗದ ಮುಂದೆ ಹೋಗಬೇಕು, ಯಾವುದು ಬಂದ ದಾರಿಗೇ ಮರಳಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಬೆಳಿಗ್ಗೆ ಆರಕ್ಕೆ ಮೋಡೆಮ್ ಕಿರುಚುತ್ತದೆ. ಏಳಕ್ಕೆ ಇ-ಮೇಲ್ ಪೆಟ್ಟಿಗೆ ಖಾಲಿ. (ಕಚೇರಿಯಲ್ಲಿದ್ದಾಗಲೂ ಟೇಬಲ್ ಮೇಲೆ ಒಂದು ಕಾಗದ ಉಳಿಸಿ ಮನೆಗೆ ಹೋದವನಲ್ಲ.)

ಎಂಥ ಪ್ರಶ್ನೆಗಳು ಬರುತ್ತವೆ ಗೊತ್ತೆ? ‘ಅರ್ಜೆಂಟ್!!!’ ಏನು ಅರ್ಜೆಂಟ್, ಬರೆದಿರುವುದಿಲ್ಲ. ‘ನಾಳೆ ಸಬ್‌ಮಿಷನ್ ಇದೆ, ಪೂರ್ತಿ ಪ್ರೋಗ್ರಾಂ ಬರೆದು ಕಳಿಸಿ.’ ಇವರ ಪುಸ್ತಕವನ್ನೂ ನಾವೇ ಓದಿ, ಪರೀಕ್ಷೆಗೂ ನಾವೇ ಹೋಗಿ ಕೂಡಬೇಕೆ? ಇಂಥವರಿಗಾಗಿ ಮೂರು ಸಿದ್ಧ ಉತ್ತರ ಮಾಡಿಟ್ಟಿದ್ದೆ. ವಿಷಯದ ಸಾಲು ಇಲ್ಲವೆ? ಮೊದಲನೆಯದು. ಪ್ರೋಗ್ರಾಂ ಜೊತೆಗಿಲ್ಲವೆ? ಎರಡನೆಯದು. ಹೇಳಿದ ಮೇಲೂ ಕೇಳದವರಿಗೆ ಮೂರನೆಯದು: ‘ಸ್ವಂತ ಪ್ರಯತ್ನ ಮಾಡದವರಿಗೆ ಇಲ್ಲಿ ಜಾಗವಿಲ್ಲ.’ ಒಂದು ಕೀಲಿ ಒತ್ತಿದರೆ ಸಾಕು, ಹೋಗಿಬಿಡುತ್ತದೆ.

ಖಾನಾಪುರದಲ್ಲಿ ಇಂಥ ನಾಲ್ಕು ಪತ್ರಗಳನ್ನು ಓದಿ ತೋರಿಸಿದೆ. ಹೆಸರು ಹೇಳಲಿಲ್ಲ. ಮೂರನೆಯದು ಹೀಗಿತ್ತು: ‘ಸರ್, ಪ್ರೋಗ್ರಾಂ ಓಡುತ್ತಿಲ್ಲ. ಬರೀ ತಪ್ಪು ತೋರಿಸುತ್ತದೆ. ಏನು ಮಾಡಲಿ?’

“ಡಾಕ್ಟರಿಗೆ ಫೋನ್ ಹಚ್ಚಿ, ನೋವು ಐತ್ರಿ ಅಂತ ಹೇಳಿ ಇಟ್ಟಂಗ ಆತು ಇದು,” ಎಂದೆ. “ಹಲ್ಲೋ? ಹೊಟ್ಟೀಯೋ? ಇಲ್ಲಾ ಬ್ಯಾರೇ ಮಂದೀದೋ?”

ಆಗ ನಕ್ಕರು. ಪಾಟೀಲರು ತೊಡೆ ತಟ್ಟಿಕೊಂಡು ನಕ್ಕರು.

ಚಹಾದ ಹೊತ್ತಿಗೆ, ಹಿಂದೆ ಟೈಪ್‌ರೈಟರಿನ ಬಳಿ ನಿಂತಿದ್ದ ಒಬ್ಬ ಹೆಣ್ಣುಮಗಳು ಹತ್ತಿರ ಬಂದರು. ನಲವತ್ತರ ಆಸುಪಾಸು. ಇಲ್ಲಿ ಹದಿನೆಂಟು ವರ್ಷಗಳಿಂದ ಟೈಪಿಂಗ್ ಕಲಿಸುತ್ತಿರುವ ಸುನಂದಾಬಾಯಿ.

“ಚಲೋ ಹೇಳಿದ್ರಿ ಸರ್. ಆ ಮೂರನೇ ಪತ್ರ ನಂದು ರೀ.”

ಬಾಯಿಗೆ ಬಂದದ್ದು ಮತ್ತೆ ಅದೇ ಧಾಟಿ. “ಮತ್ತ ಪ್ರೋಗ್ರಾಂ ಯಾಕ ಕಳಸಲಿಲ್ಲರಿ ಬಾಯಾರ?”

“ಕಳಸಾಕ ಕುಂತಿದ್ನಿರಿ...” ಎಂದು ಅವರು ಹೇಳಿದ್ದು ಇಷ್ಟು. ಹೋದ ವರ್ಷ ಇಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಇಂಟರ್ನೆಟ್ ಇಲ್ಲ, ಕೇಳೋಣವೆಂದರೆ ಬಲ್ಲವರೂ ಇಲ್ಲ. ಪುಸ್ತಕ ನೋಡಿ ತಾವೇ ‘ಸಿ’ ಕಲಿಯುತ್ತಿದ್ದರು. ಶನಿವಾರ ಕ್ಲಾಸು ಮುಗಿಸಿ ಬಸ್ಸು ಹತ್ತಿ ಬೆಳಗಾವಿಗೆ ಬರುವುದು, ಸೈಬರ್ ಕೆಫೆಯಲ್ಲಿ ಅರ್ಧ ತಾಸು ಕೂಡುವುದು. ವೈರಸ್ ಬರುತ್ತದೆಂದು ಅಲ್ಲಿ ಫ್ಲಾಪಿ ಹಾಕಲು ಬಿಡುವುದಿಲ್ಲ. ಮೊದಲ ಶನಿವಾರ ಕೇಳಿದರು. ವಿಷಯದ ಸಾಲು ಇಲ್ಲವೆಂದು ನಾನು ಮರಳಿಸಿದೆ. ಅದನ್ನು ಓದಲು ಇನ್ನೊಂದು ಶನಿವಾರ ಬರಬೇಕಾಯಿತು. ಆ ವಾರ ವಿಷಯ ಬರೆದರು. ಪ್ರೋಗ್ರಾಂ ಇಲ್ಲವೆಂದು ಮರಳಿಸಿದೆ. ಮೂರನೆಯ ಶನಿವಾರ ನೋಟ್‌ಬುಕ್ ತಂದು ಅರವತ್ತು ಸಾಲನ್ನೂ ಟೈಪ್ ಮಾಡಿದರು. ಕಳಿಸುವಷ್ಟರಲ್ಲಿ ಲೈನ್ ಕಟ್ಟಾಯಿತು. ಎಲ್ಲ ಹೋಯಿತು. ಉಳಿದ ಎರಡು ನಿಮಿಷದಲ್ಲಿ ಬರೆದದ್ದು ಆ ಪತ್ರ. ಅದಕ್ಕೆ ನನ್ನಿಂದ ಹೋದದ್ದು ಮೂರನೆಯ ಸಿದ್ಧ ಉತ್ತರ.

“ನಿಮ್ಮ ಉತ್ತರ ಮಾತ್ರ ಭಾಳ ಲಗೂ ಬರ್ತಿದ್ದವು ಬಿಡ್ರಿ,” ಎಂದರು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಪಾಟೀಲರು ಅವರಿಗೆ ಒಂದು ಮಾತು ಕೊಟ್ಟಿದ್ದರಂತೆ. ಜೂನ್‌ನೊಳಗೆ ಒಂದು ಪ್ರೋಗ್ರಾಂ ಬರೆದು ಓಡಿಸಿ ತೋರಿಸಿದರೆ ಕಂಪ್ಯೂಟರ್ ಬ್ಯಾಚುಗಳೆಲ್ಲ ಅವರವೇ. ಓಡಲಿಲ್ಲ. ಜೂನ್‌ನಲ್ಲಿ ಬೆಳಗಾವಿಯಿಂದ ಹೊಸ ಮೇಷ್ಟರು ಬಂದರು. ಸುನಂದಾಬಾಯಿಗೆ ಈಗ ದಿನಕ್ಕೊಂದು ಟೈಪಿಂಗ್ ಬ್ಯಾಚು ಉಳಿದಿದೆ.

“ಆ ನೋಟ್‌ಬುಕ್ ಐತೇನ್ರಿ?”

ಟೇಬಲ್ಲಿನ ಡ್ರಾಯರಿನಲ್ಲೇ ಇತ್ತು. ಮುತ್ತಿನಂಥ ಅಕ್ಷರ. ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಒಂದು ತಪ್ಪೂ ಸಿಗಲಿಲ್ಲ.

“ಇದು ಬರೋಬ್ಬರಿ ಐತಲ್ಲರಿ!”

“ಮತ್ತ ಆ ಕಂಪ್ಯೂಟರಿಗೆ ಯಾಕ ತಿಳೀವಲ್ದಾಗಿತ್ತು? ಒಂದು ಅಂದ್ರ ಏನಂತ ಗೊತ್ತಿಲ್ಲ ಅಂತಿತ್ರಿ ಅದು. ಒಂದು ಗೊತ್ತಿಲ್ಲದವಕ್ಕ ನಾ ಏನ್ ಕಲಸ್ಲಿ ಅಂತ ಕೈಬಿಟ್ನಿ.”

ಕಂಪ್ಯೂಟರಿನ ಮುಂದೆ ಕೂಡಿಸಿ, ಟೈಪ್ ಮಾಡಿ ಎಂದೆ. ಬೆನ್ನು ನೆಟ್ಟಗೆ, ಕಣ್ಣು ನೋಟ್‌ಬುಕ್ಕಿನ ಮೇಲೆ, ಬೆರಳು ಮಳೆ ಸುರಿದ ಹಾಗೆ. ಐದನೆಯ ಸಾಲಿಗೆ ಬಂದಾಗ ಕಂಡಿತು. ಒಂದು ಎಂಬ ಅಂಕಿ ಬಂದಲ್ಲೆಲ್ಲ ಅವರ ಎಡಗೈಯ ಕಿರುಬೆರಳು ಮೇಲಿನ ಸಾಲಿಗೆ ಏರುತ್ತಿರಲಿಲ್ಲ. ಬಲಗೈಯ ಉಂಗುರದ ಬೆರಳು ಇದ್ದಲ್ಲೇ ಸಣ್ಣ ‘ಎಲ್’ ಅಕ್ಷರವನ್ನು ಒತ್ತುತ್ತಿತ್ತು.

ಟೈಪಿಂಗ್ ಕಲಿತವರಿಗೆ ಗೊತ್ತು. ಹಳೆಯ ಎಷ್ಟೋ ಯಂತ್ರಗಳಲ್ಲಿ ಒಂದಕ್ಕೆ ಬೇರೆ ಕೀಲಿಯೇ ಇಲ್ಲ. ಸಣ್ಣ ಎಲ್ ಹೊಡೆಯುವುದೇ ರೂಢಿ. ಕಾಗದದ ಮೇಲೆ ಎರಡೂ ಒಂದೇ ಥರ. ಪರದೆಯ ಮೇಲೂ ಹೆಚ್ಚು ಕಡಿಮೆ ಹಾಗೆಯೇ. ಕಂಪ್ಯೂಟರ್ ಮಾತ್ರ ಒಪ್ಪುವುದಿಲ್ಲ. ‘ಎಲ್ ಗೊತ್ತಿಲ್ಲ’ ಎಂದು ಅದು ತೋರಿಸಿದ್ದನ್ನು ಅವರು ‘ಒಂದು ಗೊತ್ತಿಲ್ಲ’ ಎಂದು ಓದಿಕೊಂಡಿದ್ದರು.

ನಾನೂ ಟೈಪಿಸ್ಟ್ ಆಗಿ ನೌಕರಿಗೆ ಸೇರಿದವನು. ಕಚೇರಿಗೆ ಮೊದಲ ಕಂಪ್ಯೂಟರು ಬಂದಾಗ ಇದೇ ಬೆರಳಿನಿಂದ ಎರಡು ದಿನ ಒದ್ದಾಡಿದ್ದೆ. ನಮ್ಮ ಬಳಗದ ಉಳಿದವರೆಲ್ಲ ಎಳೆಯರು, ಟೈಪ್‌ರೈಟರ್ ಮುಟ್ಟಿದವರಲ್ಲ. ಈ ತಪ್ಪನ್ನು ಹಿಡಿಯಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ. ಸುನಂದಾಬಾಯಿ ಟೈಪಿಸ್ಟ್ ಎಂದು ತಿಳಿದಿದ್ದರೆ ಸಾಕಿತ್ತು.

ಅಂಕಿಗಳನ್ನು ತಿದ್ದಿದರು. ಪ್ರೋಗ್ರಾಂ ಓಡಿತು. ಪರದೆಯ ಮೇಲೆ ವಿದ್ಯಾರ್ಥಿಗಳ ಹೆಸರು, ಅಂಕ, ಒಂದರ ಕೆಳಗೊಂದು ಬಂದು ನಿಂತವು.

“ಇಷ್ಟ ಇತ್ತೇನ್ರೀ ಸರ್?”

ಅಷ್ಟರಲ್ಲಿ ಹೊಸ ಮೇಷ್ಟರ ಬ್ಯಾಚಿನವರು ಬಾಗಿಲಿಗೆ ಬಂದಿದ್ದರು. ಸುನಂದಾಬಾಯಿ ಎದ್ದು ಖುರ್ಚಿ ಬಿಟ್ಟುಕೊಟ್ಟರು.

ನಿಯಮಗಳು ತಪ್ಪು ಎಂದು ನಾನು ಈಗಲೂ ಹೇಳುವುದಿಲ್ಲ. ಕೈ ಕೆಸರು ಮಾಡಿಕೊಳ್ಳದೆ ಕೇಳುವವರು ನಿಜಕ್ಕೂ ಇದ್ದಾರೆ. ಇವತ್ತು ಬೆಳಿಗ್ಗೆಯೂ ಮೂರು ‘ಅರ್ಜೆಂಟ್’ ಬಂದಿದ್ದವು. ಆದರೆ ಒಂದು ಸಾಲಿನ ಪತ್ರದ ಹಿಂದೆ ಸೋಮಾರಿತನವಿದೆಯೋ, ಮೂರು ಶನಿವಾರಗಳ ಬಸ್ ಪ್ರಯಾಣವಿದೆಯೋ, ಆ ಸಾಲು ಹೇಳುವುದಿಲ್ಲ. ಕೇಳಿ ತಿಳಿಯಬೇಕು. ಅದಕ್ಕೆ ಹಿಡಿಯುವುದು ಎಷ್ಟು ಹೊತ್ತು? ಏಳಕ್ಕೆ ಖಾಲಿಯಾಗುವ ಪೆಟ್ಟಿಗೆ ಏಳೂಕಾಲಕ್ಕೆ ಖಾಲಿಯಾಗುತ್ತಿತ್ತು, ಅಷ್ಟೇ.

ಮರಳುವಾಗ ಬಸ್ಸು ಪೀರನವಾಡಿ ದಾಟುವವರೆಗೂ ಲೆಕ್ಕ ಹಾಕುತ್ತಲೇ ಇದ್ದೆ. ಆ ಹೆಣ್ಣುಮಗಳಿಗೆ ಮೂರು ಉತ್ತರ ಕಳಿಸಿದ್ದೇನೆ, ಮೂರೂ ತಡಮಾಡದೆ. ಒಂದೇ ಒಂದು ಪ್ರಶ್ನೆಯನ್ನಾದರೂ ಕೇಳಿದ್ದೆನೆ?