ಹಸಿರು ಕಾರಿಗೆ ಹೊಸ ಡಿಸ್ಟ್ರಿಬ್ಯೂಟರ್

ನಮ್ಮವರು ಆ ಕಾರನ್ನು ಮದುವೆಗೆ ಮುಂಚೆಯೇ ಕೊಂಡಿದ್ದರು. ಅವರು ನಕ್ಷೆ ಬರೆಯುತ್ತಿದ್ದ ಕಾರ್ಖಾನೆಯ ಇಂಗ್ಲಿಷ್ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ಹೊರಡುವಾಗ ಮಾರಿ ಹೋದದ್ದು. ಕಡು ಹಸಿರು ಬಣ್ಣ, ಎರಡೇ ಸೀಟು, ಹರಿದ ಕ್ಯಾನ್ವಾಸಿನ ಟಾಪು. ಬಸವನಗುಡಿಯ ಜನ ಅದನ್ನು ರೇಸ್ ಕಾರು ಎಂದು ಕರೆಯುತ್ತಿದ್ದರು. ನಮ್ಮ ಅತ್ತೆಯವರು ಮಾತ್ರ ‘ತಲೆ ಇಲ್ಲದ ಕಾರು’ ಎನ್ನುತ್ತಿದ್ದರು.

ಮಾವನವರಿಗೆ ಆಗ ಶಿವಮೊಗ್ಗಕ್ಕೆ ವರ್ಗವಾಗಿತ್ತು. ಮನೆಯಲ್ಲಿ ನಾವು ಮೂವರೇ. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಆಚೆಯ ಖಾಲಿ ರಸ್ತೆಗಳಲ್ಲಿ ನಮ್ಮವರು ನನಗೆ ಕಾರು ಓಡಿಸುವುದನ್ನು ಕಲಿಸಿದರು. ಅತ್ತೆ ಅದಕ್ಕೆ ಅಡ್ಡಿ ಮಾಡಲಿಲ್ಲ. ‘ಸೊಸೆ ಓಡಿಸಿದ್ರೆ ನಿಧಾನವಾಗಿ ಓಡಿಸ್ತಾಳೆ’ ಎಂದು ಪಕ್ಕದ ಮನೆಯವರಿಗೆ ಹೇಳಿದ್ದರು.

ಆ ವರ್ಷ ಯುಗಾದಿ ಕಳೆದ ಮೇಲೆ ಕಾರಿಗೆ ಕೆಮ್ಮು ಹತ್ತಿತು. ಹೋಗುತ್ತ ಹೋಗುತ್ತ ಒಮ್ಮೆ ಎಗರುವುದು, ಒಮ್ಮೆ ನಿಂತೇಬಿಡುವುದು. ನಮ್ಮವರು ಅತ್ತೆಯವರನ್ನು ಮಲ್ಲೇಶ್ವರದಲ್ಲಿದ್ದ ಅತ್ತೆಯ ತಂಗಿಯ ಮನೆಗೆ ಕರೆದೊಯ್ಯುವಾಗ ಅದು ಗಾಂಧಿ ಬಜಾರಿನಲ್ಲಿ, ಹೂವಿನವರ ಮುಂದೆಯೇ ನಿಂತಿತು. ಹೂ ಕಟ್ಟುತ್ತಿದ್ದವರು ಎದ್ದು ಬಂದು ತಳ್ಳಿದರು. ಅತ್ತೆ ಇಳಿದು ಜಟಕಾ ಹತ್ತಿ ಮನೆಗೆ ವಾಪಸಾದರು. ಕಾರು ಮನೆ ಮುಟ್ಟಿದಾಗ ‘ಇನ್ನು ಇದರಲ್ಲಿ ಕೂತರೆ ಕೇಳು’ ಎಂದು ಮಗನಿಗೆ ಹೇಳಿ ಒಳಗೆ ಹೋದರು.

ಅದೇ ಸಂಜೆ ನಮ್ಮವರು ಬಾನೆಟ್ ಎತ್ತಿ ನೋಡಿದರು. ಕಾಯಿಲೆ ಇದ್ದದ್ದು ಡಿಸ್ಟ್ರಿಬ್ಯೂಟರಿನಲ್ಲಿ. ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಗೆ ಸರದಿ ತಪ್ಪದಂತೆ ಕಿಡಿ ಹಂಚುವ ಭಾಗ ಅದು. ಒಳಗಿನ ದಂಡ ಸವೆದು, ಮುಟ್ಟಿದರೆ ಅಲುಗಾಡುತ್ತಿತ್ತು.

‘ಅಲ್ಲಾಡೋ ಕೈಯಲ್ಲಿ ಬಡಿಸಿದ್ರೆ ಹೇಗೆ? ಒಬ್ಬನ ಎಲೆಗೆ ಬಿದ್ದಷ್ಟು ಇನ್ನೊಬ್ಬನ ಎಲೆಗೆ ಬೀಳಲ್ಲ,’ ಎಂದು ನನಗೆ ವಿವರಿಸಿದರು.

ಹೊಸದು ಬೆಂಗಳೂರಲ್ಲಿ ಸಿಗಲಿಲ್ಲ. ಪುರಭವನದ ಹತ್ತಿರ ಬಿಡಿಭಾಗ ಮಾರುತ್ತಿದ್ದ ಅಂಗಡಿಯವರು ಮದರಾಸಿನಿಂದ ತರಿಸಿಕೊಟ್ಟರು. ಹುಲ್ಲು ತುಂಬಿದ ಪೆಟ್ಟಿಗೆಯಿಂದ ಅದನ್ನು ತೆಗೆದಾಗ ಮಿರಮಿರ ಮಿಂಚುತ್ತಿತ್ತು. ದಂಡ ಹಿಡಿದು ಎಷ್ಟು ಅಲುಗಿಸಿದರೂ ಮಿಸುಕಲಿಲ್ಲ. ನಾವಿಬ್ಬರೂ ಸರದಿಯ ಮೇಲೆ ಅಲುಗಿಸಿ ನೋಡಿ ಸಂತೋಷಪಟ್ಟೆವು.

ಭಾನುವಾರ ಊಟ ಮುಗಿಸಿ ಅಂಗಳದಲ್ಲಿ ಕೆಲಸಕ್ಕೆ ಕೂತೆವು. ಹಳೆಯದು ಯಾವ ದಿಕ್ಕಿಗೆ ಮುಖ ಮಾಡಿತ್ತೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬೋಲ್ಟು ಸಡಿಲಿಸಿ, ಮೇಲಕ್ಕೆ ಎಳೆದು ತೆಗೆದೆವು. ಇನ್ನು ಹೊಸದನ್ನು ಅದೇ ದಿಕ್ಕಿಗೆ ಇಳಿಸಿದರೆ ಮುಗಿಯಿತು. ಅಷ್ಟರಲ್ಲಿ ದಪ್ಪ ದಪ್ಪ ಹನಿ ಬೀಳತೊಡಗಿತು.

‘ತಳ್ಳು, ತಳ್ಳು!’ ಎಂದು ನಮ್ಮವರು ಕೂಗಿದರು. ಗೇರಿನಿಂದ ತೆಗೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಕಾರು ಮುಗ್ಗರಿಸುತ್ತ ಪೋರ್ಟಿಕೋ ಸೇರಿತು, ನಾವು ಒದ್ದೆ ಮುದ್ದೆಯಾದೆವು. ತಲೆ ಒರೆಸಿಕೊಳ್ಳುತ್ತಿದ್ದ ಅವರು ಟವೆಲನ್ನು ಹಾಗೇ ಹಿಡಿದು ನಿಂತರು.

‘ಅಯ್ಯೋ, ಗೇರಲ್ಲೇ ತಳ್ಳಿದ್ವಲ್ಲೇ. ಎಂಜಿನ್ ತಿರುಗ್‌ಬಿಟ್ಟಿರುತ್ತೆ. ಆ ಗುರುತಿಂದ ಇನ್ನು ಪ್ರಯೋಜನ ಇಲ್ಲ.’

ಈಗ ಮೊದಲನೆಯ ಸಿಲಿಂಡರು ಯಾವಾಗ ಗಾಳಿ ಒತ್ತುತ್ತದೆಂದು ನಾವೇ ಕಂಡುಹಿಡಿಯಬೇಕಿತ್ತು. ಸಿಲಿಂಡರುಗಳಲ್ಲಿ ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚಿ, ಮೊದಲನೆಯ ತೂತಿಗೆ ಒಬ್ಬರು ಹೆಬ್ಬೆರಳು ಒತ್ತಿ ಹಿಡಿಯಬೇಕು, ಒಬ್ಬರು ಮುಂದಿನಿಂದ ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬರು ಎಂಜಿನ್ನಿನ ಮುಂದಿನ ಪುಲ್ಲಿ ಎಂಬ ಚಕ್ರದ ಮೇಲೆ ಕೊರೆದ ಗುರುತು ಮುಳ್ಳಿನ ಎದುರಿಗೆ ಬರುವುದನ್ನು ನೋಡಬೇಕು. ನಾವಿದ್ದದ್ದು ಇಬ್ಬರು.

ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಅತ್ತೆ ಮೆಟ್ಟಿಲಿಳಿದು ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

‘ಎಲ್ಲಿ ಒತ್ತಬೇಕೋ?’

‘ಇಲ್ಲಿ, ಅಮ್ಮ. ಗಾಳಿ ಬಂದ್ರೆ ಹೇಳು. ಮಸಿ ಆಗುತ್ತೆ ನೋಡು.’

‘ನಲವತ್ತು ವರ್ಷ ಸೌದೆ ಒಲೆ ಊದಿದೀನಿ. ನನಗೆ ಮಸಿ ಹೇಳ್ಕೊಡ್ತೀಯಾ? ತಿರುಗಿಸು.’

ನಮ್ಮವರು ನಿಧಾನವಾಗಿ ಹ್ಯಾಂಡಲ್ ತಿರುಗಿಸಿದರು. ನಾನು ಬಗ್ಗಿ ಪುಲ್ಲಿ ನೋಡುತ್ತಿದ್ದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪುಸ್ಸೆಂದಿತು. ಅತ್ತೆ ಚಿಟ್ಟನೆ ಚೀರಿದರು.

‘ನನ್ನ ಬೆರಳನ್ನೇ ತಳ್ತಾ ಇದೆ ಕಣೇ! ಉಸಿರಿದೆ ಇದಕ್ಕೆ!’

‘ಗುರುತು ಎದುರಿಗೆ ಬಂತು ರೀ, ನಿಲ್ಲಿಸಿ!’ ಎಂದು ನಾನು ಕೂಗಿದೆ.

ಸರಿಯಾಗೇ ಇತ್ತು. ಆದರೂ ಅತ್ತೆ, ‘ಮತ್ತೆ ತಿರುಗಿಸೋ, ಖಾತ್ರಿ ಮಾಡ್ಕೊಳ್ಳೋಣ’ ಎಂದರು. ಮಗ ತಿರುಗಿಸಿದರು. ಅದು ಮತ್ತೆ ಊದಿತು, ಅವರು ಮತ್ತೆ ಚೀರಿ ನಕ್ಕರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊಸ ಡಿಸ್ಟ್ರಿಬ್ಯೂಟರು ಇಳಿಯುವಾಗ ಸ್ವಲ್ಪ ತಿರುಗಿಕೊಂಡಿತು. ಮೇಲೆತ್ತಿ, ಅಷ್ಟು ಹಿಂದಕ್ಕೆ ಹಿಡಿದು ಇಳಿಸಿದಾಗ ಸರಿಯಾಗಿ ಕೂತಿತು. ಪ್ಲಗ್ಗು, ತಂತಿ, ಮುಚ್ಚಳ ಎಲ್ಲ ಸೇರಿಸಿ ನಮ್ಮವರು ಸ್ಟಾರ್ಟ್ ಮಾಡಿದರು. ಒಂದೇ ಸಲಕ್ಕೆ ಹೊಡೆಯಿತು. ಅವರು ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತ ಕಿವಿಗೊಟ್ಟು ನಿಂತರು. ಒಡಕು ಸದ್ದು ಹೋಗಿ ಎಂಜಿನ್ ನಯವಾಗಿ ಓಡತೊಡಗಿದ ಕಡೆ ಬೋಲ್ಟು ಬಿಗಿದರು.

ಮಳೆ ನಿಂತಿತ್ತು. ಅತ್ತೆ ಸೀಗೆಪುಡಿಯಲ್ಲಿ ಕೈ ತೊಳೆದು, ಸೀರೆ ಬದಲಾಯಿಸಿ ಹೊರಗೆ ಬಂದು, ಯಾರನ್ನೂ ಕೇಳದೆ ಎಡಗಡೆ ಸೀಟಿನಲ್ಲಿ ಕುಳಿತರು.

‘ಎಲ್ಲಿಗಮ್ಮ?’ ಎಂದರು ಮೊಣಕೈವರೆಗೆ ಮಸಿಯಾಗಿದ್ದ ಮಗ.

‘ಮಲ್ಲೇಶ್ವರಕ್ಕೆ. ನೀನು ಸ್ನಾನ ಮಾಡು. ಇವಳು ಓಡಿಸ್ತಾಳೆ.’

ಅಷ್ಟು ದೂರ ನಾನು ಎಂದೂ ಓಡಿಸಿರಲಿಲ್ಲ. ಆದರೆ ಕಾರು ಎಲ್ಲೂ ಎಗರಲಿಲ್ಲ, ನಿಲ್ಲಲಿಲ್ಲ. ತೊಳೆದ ರಸ್ತೆ, ಒದ್ದೆ ಮರಗಳ ವಾಸನೆ, ಮುಖಕ್ಕೆ ಗಾಳಿ. ಅತ್ತೆ ದಾರಿಯುದ್ದಕ್ಕೂ ಎರಡೂ ಕಡೆ ನೋಡುತ್ತಲೇ ಇದ್ದರು.

ಅವರ ತಂಗಿಯ ಮನೆಯಲ್ಲಿ ಕಾಫಿ ಕುಡಿಯುವುದರೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಮೊದಲು ಚಿಕ್ಕತ್ತೆ ಒಂದು ಸುತ್ತು ಬರುತ್ತೇನೆಂದರು. ಅವರ ಬಳಿಕ ಎದುರುಮನೆಯಾಕೆ, ಆಮೇಲೆ ಆಕೆಯ ಓರಗಿತ್ತಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಸಂಪಿಗೆ ರಸ್ತೆಯ ತುದಿಯವರೆಗೆ ಹೋಗಿ ಬರುತ್ತಿದ್ದೆ. ಕೆದರಿದ ತಲೆ, ಕೆಂಪೇರಿದ ಮುಖದಲ್ಲಿ ಒಬ್ಬರು ಇಳಿಯುವಾಗ ಮುಂದಿನವರು ಬಾಗಿಲು ಹಿಡಿದು ನಿಂತಿರುತ್ತಿದ್ದರು. ಹತ್ತಿಸುವುದು ಅತ್ತೆಯವರ ಕೆಲಸ.

‘ಸೆರಗು ಬಿಗಿಯಾಗಿ ಸಿಕ್ಕಿಸ್ಕೊಳ್ಳಿ, ಗಾಳಿ ಜಾಸ್ತಿ,’ ಎಂದು ಎಲ್ಲರಿಗೂ ಹೇಳುತ್ತಿದ್ದರು.