ಕದಿರಪ್ಪನ ಹಿಟ್ಟು, ಸುಧಾಕರನ ಮೀನು

ಬಂಗಾರಪೇಟೆ ಪಕ್ಕದ ಹಳ್ಳಿಯ ಕದಿರಪ್ಪನಿಗೆ ಎರಡು ಸೀಮೆಹಸು, ಒಂದೆಕರೆ ರಾಗಿ ಹೊಲ. ದೀಪಾವಳಿ ಕಳೆಯುತ್ತಲೇ ಹಸುಗಳನ್ನು ಹೆಂಡತಿ ನಾರಾಯಣಮ್ಮನಿಗೆ ಒಪ್ಪಿಸಿ, ರಾಗಿಹಿಟ್ಟಿನ ಮೂಟೆ ಹೊತ್ತು ಅರುಣಾಚಲ ಪ್ರದೇಶದ ಕಾಡಿಗೆ ಹೊರಟುಬಿಡುತ್ತಾನೆ. ಅಲ್ಲಿ ಫೋನೂ ಸಿಗದ ಹೊಳೆದಂಡೆಯಲ್ಲಿ ಗಾಳ ಹಾಕುವ ಶೋಕಿಯವರ ಕ್ಯಾಂಪು. ಅವರು ಮಹಶೀರ್ ಮೀನು ಹಿಡಿದು, ಫೋಟೊ ತೆಗೆಸಿಕೊಂಡು, ಮತ್ತೆ ನೀರಿಗೇ ಬಿಡುತ್ತಾರೆ. ಮಡು ತೋರಿಸಿ, ಗಾಳಕ್ಕೆ ರಾಗಿ ಉಂಡೆ ಕಟ್ಟಿಕೊಡುವುದು ಕದಿರಪ್ಪನ ಕೆಲಸ. ಬಿಟ್ಟುಬಿಡೋ ಮೀನಿಗೆ ಸಂಬಳವೇ ಎಂದು ಊರವರು ನಗುತ್ತಾರೆ. ನಗಲಿ ಬಿಡಿ.

ನಗಲಾಗದ್ದು ಹೋದ ವರ್ಷ ನಡೆಯಿತು. ಸೀಸನ್ನಿನ ಕೊನೆಯ ದಿನ ಕದಿರಪ್ಪನ ಗಾಳಕ್ಕೇ ಎಳಗರುವಿನಷ್ಟು ಉದ್ದದ ಮೀನು ಬಿತ್ತು. ನಲವತ್ತು ನಿಮಿಷ ಜಗ್ಗಾಡಿದ. ದಾರ ಅಂಗೈ ಸೀಳಿತು. ಮೀನು ದಡಕ್ಕೆ ಬಂದಾಗ ರಾಬರ್ಟ್‌ಸನ್‌ಪೇಟೆಯ ಸುಧಾಕರ, ಇಂಗ್ಲಿಷ್ ಬಲ್ಲ ಇನ್ನೊಬ್ಬ ಗೈಡು, ನೀರಿಗಿಳಿದು ಅದನ್ನು ತಬ್ಬಿಕೊಂಡು ನಿಂತ. ಕದಿರಪ್ಪ ರಕ್ತ ತೊಳೆದುಕೊಂಡು ತಿರುಗುವಷ್ಟರಲ್ಲಿ ಫೋಟೊ ಆಗಿತ್ತು, ಮೀನು ಹೊಳೆ ಸೇರಿತ್ತು. ಕ್ಯಾಂಪಿನ ಮಾಲೀಕ, ಬೆಂಗಳೂರಿನಲ್ಲಿದ್ದ ಶ್ರೀಧರ್, ಫೋಟೊ ನಂಬಿದ. ಈ ಸೀಸನ್ನಿಗೆ ಸುಧಾಕರನೇ ದೊಡ್ಡ ಗೈಡು. ಬಹುಮಾನವಾಗಿ ಅದಕ್ಕೆ ಮುಂಚೆ ಥಾಯ್ಲೆಂಡ್ ಪ್ರವಾಸ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂದರೆ ಇದೇ ನೋಡಿ.

ಅಷ್ಟು ಸಾಲದೆಂದು ಸುಧಾಕರ ಕದಿರಪ್ಪನ ಮನೆಗೇ ಬಂದ. "ಕದಿರಪ್ಪಣ್ಣ, ನೀನೂ ಬಾ. ಅಲ್ಲೂ ಗಾಳ ಹಾಕೋದೈತೆ, ರಾಗಿ ಇಟ್ಟು ತಿರುವೋಕೆ ಒಬ್ರು ಬೇಕು."

ಅವನು ಹೋದ ಮೇಲೆ ನಾರಾಯಣಮ್ಮ ಉರಿದುಬಿದ್ದಳು. "ಮಾನ ಇಲ್ವಾ ನಿಂಗೆ? ಓಗ್ಬ್ಯಾಡ."

"ಮಾನ ಐತೆ ಕಣೇ. ಅದಕ್ಕೇ ಓಯ್ತೀನಿ."

ಥಾಯ್ಲೆಂಡಿನದು ದುಡ್ಡು ಕಟ್ಟಿ ಗಾಳ ಹಾಕುವ ಕೆರೆ. ಶ್ರೀಧರ್ ಜೊತೆಗೆ, ಕಾಡಿನ ಕ್ಯಾಂಪಿಗೆ ಬರಲಿದ್ದ ಇಬ್ಬರು ಗಿರಾಕಿಗಳೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಕದಿರಪ್ಪ ಹಿಟ್ಟಿನ ಚೀಲವನ್ನು ಸುಧಾಕರನ ಮುಂದಿಟ್ಟ.

"ನನ್ನ ಅಂಗೈ ಇನ್ನೂ ನೋಯ್ತದೆ ಸಾರ್. ಅಂಥಾ ಮೀನು ಇಡ್ದೋನು, ಇಟ್ಟು ತಿರುವೋದು ಗೊತ್ತಿಲ್ದೆ ಇರ್ತದಾ? ಅವನೇ ಮಾಡ್ತಾನೆ."

ಎಲ್ಲರ ಮುಂದೆ ಗೊತ್ತಿಲ್ಲ ಎನ್ನಲು ಸುಧಾಕರನಿಗೆ ಬಾಯಿ ಬರಲಿಲ್ಲ. ಅವರಮ್ಮ ಮಾಡುವುದನ್ನು ನೋಡಿ ಬೆಳೆದವನು. ಮೆತ್ತಗೆ, ನುಣ್ಣಗೆ ಮುದ್ದೆ ಕಟ್ಟಿದ. ಬಸ್ಸಾರಿಗೆ ಹೇಳಿ ಮಾಡಿಸಿದಂಥ ಮುದ್ದೆ! ಆದರೆ ಗಾಳದ ಉಂಡೆಯನ್ನು ಗಟ್ಟಿಯಾಗಿ ಕಟ್ಟಿ, ಕುದಿಯುವ ನೀರಿನಲ್ಲಿ ಎರಡನೇ ಸಲ ಬೇಯಿಸಬೇಕು. ಆಗಲೇ ಅದರ ಮೇಲೆ ತೊಗಲು ಕಟ್ಟುವುದು. ಉಣ್ಣುವ ಮುದ್ದೆ ನೀರಿಗೆ ಬಿದ್ದ ಕೂಡಲೇ ಕರಗಿ ಅಂಬಲಿಯಾಯಿತು. ಎರಡು ದಿನ ಸುಧಾಕರ ಬರಿಗಾಳ ಎಳೆದ. ಕದಿರಪ್ಪ ಕಾಲು ಚಾಚಿ ಅನಾನಸ್ ತಿಂದ. ಮಗಳ ಮದುವೆಯಲ್ಲೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಮೂರನೆಯ ದಿನ ಗಿರಾಕಿಗಳು ಗೊಣಗತೊಡಗಿದರು. ಶ್ರೀಧರ್ ಎದ್ದು ಬಂದ. "ಕದಿರಪ್ಪ, ಒಂದ್ಸಲ ನೀವೇ ನೋಡ್ರಿ."

ಕದಿರಪ್ಪ ಹಿಟ್ಟು ತಿರುವಿ, ಉಂಡೆ ಕಟ್ಟಿ, ಎರಡನೇ ಸಲ ಬೇಯಿಸಿದ. ಮಧ್ಯಾಹ್ನದೊಳಗೆ ಅವನ ಗಾಳಕ್ಕೆ ಬಿದ್ದ ಮೊಸಳೆಯಂಥ ಮೀನು ದಡಕ್ಕೆ ಬಂತು. ಶ್ರೀಧರ್ ಫೋನು ಎತ್ತಿ, "ಹಿಡ್ಕೊಳ್ಳಿ, ಫೋಟೊ" ಎಂದ.

ಹೋದ ಸೀಸನ್ನಿನಿಂದ ನಾಲಿಗೆಯ ತುದಿಯಲ್ಲಿ ಕಾಯ್ದಿಟ್ಟಿದ್ದ ಮಾತು ಆಗ ಹೊರಬಂತು.

"ಫೋಟೊಗೆ ಸುಧಾಕರನ್ನ ಕರೀರಿ ಸಾರ್. ಮೀನು ಇಡಿಯೋದು ನಾನು, ಎತ್ಕೊಂಡು ನಿಂತ್ಕೊಳ್ಳೋದು ಅವನು. ಓದ್ ವರ್ಷಾನೂ ಅಂಗೇ ಆಗಿದ್ದು. ಕೇಳಿ ಬೇಕಾದ್ರೆ."

ಶ್ರೀಧರ್ ಸುಧಾಕರನ ಕಡೆ ತಿರುಗಿ ಕೇಳಿಯೇ ಕೇಳಿದ. ಸುಧಾಕರ ನೆಲ ನೋಡುತ್ತಾ "ಔದು ಸಾರ್" ಎಂದ. ಕದಿರಪ್ಪ ಬಿಡಲಿಲ್ಲ; ಮೀನನ್ನು ಅವನ ತೋಳಿಗೇ ಹೇರಿ, ತಲೆ ತಗ್ಗಿಸಿದ ಆ ಮುಖದ ಫೋಟೊ ತೆಗೆಸಿದ. ಊರಿಗೆ ಬಂದು ಅದಕ್ಕೆ ಕಟ್ಟು ಹಾಕಿಸಿ, ರಾಬರ್ಟ್‌ಸನ್‌ಪೇಟೆಗೆ ಹೋಗಿ ಸುಧಾಕರನ ಮನೆಯಲ್ಲಿ ಕೈಯಾರೆ ಕೊಟ್ಟುಬಂದ.

ದೊಡ್ಡ ಗೈಡು ನೀವೇ ಎಂದು ಶ್ರೀಧರ್ ಫೋನು ಮಾಡಿದಾಗ ಕದಿರಪ್ಪ ಒಂದೇ ಷರತ್ತು ಹಾಕಿದ. ಸುಧಾಕರನನ್ನು ಕೆಲಸದಿಂದ ತೆಗೆಯಬಾರದು, ಹಿಟ್ಟು ತಿರುವುವುದಕ್ಕೆ ಇಟ್ಟುಕೊಳ್ಳಬೇಕು.

ದೀಪಾವಳಿ ಕಳೆದ ಮೂರನೆಯ ದಿನ, ಬಂಗಾರಪೇಟೆ ಜಂಕ್ಷನ್ನಿನಲ್ಲಿ ಸುಧಾಕರ ರಾಗಿಹಿಟ್ಟಿನ ಮೂಟೆ ಹೊತ್ತು ನಿಂತಿದ್ದ. ರೈಲು ಬರುವ ಹೊತ್ತಿಗೆ ಮೆಲ್ಲಗೆ ಕೇಳಿದ:

"ಅಣ್ಣಾ, ಎರಡ್ನೇ ಸಲ ಎಷ್ಟೊತ್ತು ಬೇಯಿಸ್ಬೇಕು?"

ಕದಿರಪ್ಪ ಅಂಗೈಯ ಗಾಯದ ಗೆರೆಯನ್ನು ಅವನ ಮುಖದ ಮುಂದೆ ಹಿಡಿದ.

"ನಲವತ್ತು ನಿಮಿಷ ಕಣ್ಲಾ."